ಏಣಿಯ ಎಷ್ಟನೇ ಮೆಟ್ಟಿಲಲ್ಲಿದ್ದೀರಿ ಮಾರಾಯ್ರೆ?

ನಾವು ಕಾಸರಗೋಡಿನವರು, ಅಂದ್ರೆ ಕೇರಳದ ಗಡಿಯೊಳಗಿನ ಕನ್ನಡದವರು. ನಮ್ಮ ಪಂಚಾಯತಿನಲ್ಲಿ ಹ್ಯಾಪಿನೆಸ್ ಪಾರ್ಕ್ ಆಗಿದೆ. ಫೋಟೋ ನೀವೆಲ್ಲ ನೋಡಿರ್ತೀರಿ, ವಾಟ್ಸಪ್ಪಿನಲ್ಲಿ ಮೂರು ದಿನ ಅದೇ ಇತ್ತು. ನಾಲ್ಕು ಬೆಂಚು, ನೆಲಕ್ಕೆ ಇಂಟರ್‌ಲಾಕು, ಎರಡು ಉಯ್ಯಾಲೆ (ಒಂದರ ಸರಪಳಿ ಉದ್ಘಾಟನೆಯ ದಿನವೇ ತುಂಡಾದ್ದು, ಕೂತದ್ದು ಯಾರು ಅಂತ ನಾನು ಹೇಳುದಿಲ್ಲ, ತೂಕದ ಮನುಷ್ಯ), ಮತ್ತೆ ಒಂದು ದೊಡ್ಡ ಕೆಂಪು ಹಾರ್ಟಿನ ಸೆಲ್ಫಿ ಫ್ರೇಮು. ಗೇಟಿಗೆ ಬೀಗ ಉಂಟು. ಬೋರ್ಡಿನಲ್ಲಿ ಮಲಯಾಳದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿದೆ, ಸಂಜೆ 4ರಿಂದ 7. ಅಂದ್ರೆ ಸಂತೋಷಕ್ಕೆ ದಿವಸಕ್ಕೆ ಮೂರು ಗಂಟೆ ಮಂಜೂರಾಗಿದೆ, ಉಳಿದ ಇಪ್ಪತ್ತೊಂದು ಗಂಟೆ ನಮ್ಮ ನಮ್ಮ ಖರ್ಚಿನಲ್ಲಿ.

ಉಪಯೋಗ ಇಲ್ಲ ಅಂತ ಹೇಳ್ಬೇಡಿ. ಹೈವೇ ಅಗಲ ಮಾಡುವಾಗ ಬಸ್ಸಿಗೆ ಕಾಯುವ ಶೆಡ್ಡು ಹೋಯ್ತಲ್ಲ, ಹೊಸದ್ದು ಇನ್ನೂ ಬಂದಿಲ್ಲ, ಹಾಗಾಗಿ ಬೆಳಗ್ಗೆ ಆರೂವರೆಯ ಮಂಗಳೂರು ಬಸ್ಸಿಗೆ ಹೋಗುವವರೆಲ್ಲ ಈಗ ಹ್ಯಾಪಿನೆಸ್ ಪಾರ್ಕಿನ ಕಂಪೌಂಡಿನ ಮೇಲೆ ಕೂರುದು. ಒಬ್ಬೊಬ್ಬರ ತೊಡೆಯ ಮೇಲೆ ಒಂದೊಂದು ಎಕ್ಸ್‌ರೇ ಕವರು. ಹಿಂದೆ ಕೆಂಪು ಹಾರ್ಟು. ಯಾರಾದ್ರೂ ಒಂದು ಫೋಟೋ ತೆಗೆದು ಕಳಿಸಿದ್ರೆ ಬಹುಮಾನ ಬಂದೀತು.

ಇದೆಲ್ಲ ಯಾಕೆ ನೆನಪಾಯ್ತು ಅಂದ್ರೆ, ಕಳೆದ ವಾರ ನಮ್ಮ ಮನೆಗೆ ಒಂದು ಹುಡುಗಿ ಬಂದಿದ್ಳು, ಟ್ಯಾಬ್ ಹಿಡ್ಕೊಂಡು. ತೆಂಕಿನ ಕಡೆಯವಳು, ಯಾವುದೋ ಕಾಲೇಜಿನ ಪ್ರಾಜೆಕ್ಟಂತೆ. ಪಾಪದ ಮಗು, ಬಿಸಿಲಿಗೆ ಮುಖ ಕೆಂಪಾಗಿತ್ತು. ಜಗಲಿಯಲ್ಲಿ ಅಪ್ಪ ಅಡಿಕೆ ಹೆಕ್ಕುತ್ತಾ ಕೂತಿದ್ರು, 78 ವರ್ಷ, ಕಿವಿ ಸರಿ ಇದೆ, ಬೇಕಾದಾಗ ಮಾತ್ರ. ಅವಳು ಮಲಯಾಳದಲ್ಲಿ ಶುರು ಮಾಡಿದ್ಳು, "ನಿಂಙಳುಡೆ ಜೀವಿತ ನಿಲವಾರಂ..."

"ನಿಲವಾರವಾ? ಅದ್ಯಾವ ವಾರ ಮಗಾ? ಆದಿತ್ಯವಾರ ಸೋಮವಾರ ಗೊತ್ತುಂಟು ನನಗೆ."

ಅಪ್ಪನಿಗೆ ಪೇಟೆಯ ಮಲಯಾಳ ಚೆನ್ನಾಗಿಯೇ ಬರ್ತದೆ, ಅಡಿಕೆ ರೇಟು ಮಾತಾಡುವಾಗ ಅವರಷ್ಟು ಶುದ್ಧ ಮಲಯಾಳಿ ಇನ್ನೊಬ್ಬ ಇಲ್ಲ. ಆದ್ರೆ ಫಾರ್ಮು ಕಂಡ ಕೂಡ್ಲೆ ಮರ್ತುಹೋಗ್ತದೆ. ಹಾಗೆ ನಾನು ದುಭಾಷಿ ಆದೆ. ಜೀವಿತ ನಿಲವಾರಂ ಅಂದ್ರೆ ಜೀವನದ ಗುಣಮಟ್ಟ. ಟ್ಯಾಬ್ ನೋಡಿದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಆ 26 ಪ್ರಶ್ನೆಯ ಪಟ್ಟಿ, ದೇಹ, ಮನಸ್ಸು, ಜನಸಂಬಂಧ, ಸುತ್ತಲಿನ ಪರಿಸರ ಅಂತ ನಾಲ್ಕು ಭಾಗ, ಒಂದೊಂದಕ್ಕೆ ಒಂದರಿಂದ ಐದು ಮಾರ್ಕು. ಮನುಷ್ಯ ತಾನು ಬದುಕುವ ಸಂಸ್ಕೃತಿ, ಮೌಲ್ಯಗಳ ಒಳಗೆ ನಿಂತು ತನ್ನ ಸ್ಥಿತಿಯನ್ನು ತಾನೇ ಹೇಗೆ ಕಾಣ್ತಾನೋ ಅದೇ ಜೀವನದ ಗುಣಮಟ್ಟ, ಹೊರಗಿನವ ಬಂದು ಹೇಳುದಲ್ಲ ಅಂತ ಆ ಸಂಸ್ಥೆಯವರ ವ್ಯಾಖ್ಯೆ. ಬಹಳ ಚಂದದ ವ್ಯಾಖ್ಯೆ, ನನಗೆ ಆಕ್ಷೇಪ ಇಲ್ಲ. ಆ ಪ್ರಶ್ನೆಗಳ ಕನ್ನಡ ಅನುವಾದವೂ ಉಂಟು. ನಮ್ಮದು ಭಾಷಾ ಅಲ್ಪಸಂಖ್ಯಾತರ ಪ್ರದೇಶ ಅಂತ ಸರಕಾರಿ ಕಾಗದದಲ್ಲಿಯೂ ಉಂಟು. ಎರಡೂ ಉಂಟು, ಒಂದನ್ನೊಂದು ಭೇಟಿ ಆಗ್ಲಿಲ್ಲ ಅಷ್ಟೆ.

ಮೊದಲ ಪ್ರಶ್ನೆ, ನಿಮ್ಮ ಜೀವನದ ಗುಣಮಟ್ಟ ಹೇಗಿದೆ. ಬಹಳ ಕೆಟ್ಟದು, ಕೆಟ್ಟದು, ಕೆಟ್ಟದೂ ಅಲ್ಲ ಒಳ್ಳೆದೂ ಅಲ್ಲ...

"ಅದೇ ಅದೇ, ನಿಲ್ಲು, ಮೂರನೆದ್ದು. ಇದು ಕಾಸರಗೋಡಿನವರಿಗಂತಲೇ ಮಾಡಿದ ಹಾಗುಂಟು. ಅತ್ತಲೂ ಅಲ್ಲ ಇತ್ತಲೂ ಅಲ್ಲ."

ಅದಾಗಿ, ನಿಮ್ಮ ದೇಹದ ರೂಪ ನಿಮಗೆ ಒಪ್ಪಿಗೆಯಾ ಅಂತ ಬಂತು. "ಈಗ ಕೇಳಿ ಎಂತ ಮಾಡುದು, ಮದುವೆಗೆ ಮೊದ್ಲು ಇವಳ ಹತ್ರ ಕೇಳ್ಬೇಕಿತ್ತು" ಅಂತ ಅಪ್ಪ ಒಳಗೆ ಕೇಳುವ ಹಾಗೆ ಹೇಳಿದ್ರು. ಒಳಗಿಂದ ಪಾತ್ರೆಯ ಸದ್ದು ಬಂತು. ನಿಮ್ಮ ಜೀವನಕ್ಕೆ ಅರ್ಥ ಉಂಟು ಅಂತ ಎಷ್ಟರ ಮಟ್ಟಿಗೆ ಅನಿಸ್ತದೆ ಅನ್ನುದಕ್ಕೆ, "ಅಡಿಕೆಗೆ ರೇಟು ಬಂದಾಗ ಅನಿಸ್ತದೆ." 21ನೇ ಪ್ರಶ್ನೆ ದಾಂಪತ್ಯದ ಒಂದು ವಿಷಯ. ಹುಡುಗಿ ಟ್ಯಾಬ್ ನೋಡಿದ್ಳು, ಅಪ್ಪನ ಮುಖ ನೋಡಿದ್ಳು, ಅಂಗಳದ ತೆಂಗಿನ ಮರ ನೋಡಿದ್ಳು, ಒಮ್ಮೆ ಕೆಮ್ಮಿ ಅವಳೇ ಮೂರಕ್ಕೆ ಒತ್ತಿ ಮುಂದೆ ಹೋದ್ಳು. ಅಂಕಿಅಂಶ ಅಂದ್ರೆ ಎಂತ ಅಂತ ನನಗೆ ಅವತ್ತು ಸರಿಯಾಗಿ ಅರ್ಥ ಆಯ್ತು.

ಈ ಅಳತೆಯ ಹುಚ್ಚು ಈಗಿನದ್ದಲ್ಲ. 1990ರಲ್ಲಿ ವಿಶ್ವಸಂಸ್ಥೆಯವರು ಆಯುಸ್ಸು, ಓದು, ಆದಾಯ ಮೂರನ್ನು ಸೇರಿಸಿ ಮಾನವ ಅಭಿವೃದ್ಧಿ ಸೂಚ್ಯಂಕ ಅಂತ ಮಾಡಿದ್ರು. ಭೂತಾನದವರು ಒಂಬತ್ತು ವಿಭಾಗ 33 ಸೂಚಕ ಇಟ್ಟು ಸಂತೋಷ ಅಳೀತಾರೆ. ನಮ್ಮ ಕೇಂದ್ರ ಸರಕಾರದ್ದು ಸುಲಲಿತ ಬದುಕಿನ ಸೂಚ್ಯಂಕ, 2021ರ ಮಾರ್ಚಿನಲ್ಲಿ ಬಂದದ್ದು, ಅದರಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಜನ ಇರುವ ಊರುಗಳ ಪೈಕಿ ಫಸ್ಟು ಯಾರು ಗೊತ್ತುಂಟಾ? ಬೆಂಗಳೂರು! 66.70 ಮಾರ್ಕು. ನಮ್ಮ ಚಿಕ್ಕಪ್ಪನ ಮಗ ಅಲ್ಲಿಯೇ ಇರುದು, ಆ ಸುದ್ದಿಯನ್ನು ಅವ ಓದಿದ್ದು ಸಿಲ್ಕ್ ಬೋರ್ಡ್ ಸಿಗ್ನಲಿನಲ್ಲಿ, ಪೂರ್ತಿ ಓದಿ ಮುಗಿಸಿ, ಕಾಮೆಂಟು ಹಾಕಿ, ಕಾಮೆಂಟಿಗೆ ಬಂದ ಬೈಗುಳಕ್ಕೆ ಉತ್ತರ ಕೊಟ್ಟು ತಲೆ ಎತ್ತಿದ್ರೂ ಅದೇ ಬಸ್ಸಿನ ಹಿಂದೆ ಇದ್ದನಂತೆ. ಓದಲಿಕ್ಕೆ ಇಷ್ಟು ಪುರುಸೊತ್ತು ಕೊಡುವ ಊರು ಬೇರೆ ಯಾವುದುಂಟು ಹೇಳಿ, ಫಸ್ಟ್ ಕೊಟ್ಟದ್ದರಲ್ಲಿ ತಪ್ಪಿಲ್ಲ.

ಮತ್ತೆ ಆ ಏಣಿ. ವಿಶ್ವ ಸಂತೋಷ ವರದಿ ಅಂತ ಪ್ರತಿ ಮಾರ್ಚಿಗೆ ಬರ್ತದಲ್ಲ, ಅದರ ಗುಟ್ಟು ಅದೇ ಏಣಿ. ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲು, ಮೇಲಿನದ್ದು ನಿಮ್ಮಿಂದ ಆಗಬಹುದಾದ ಅತಿ ಒಳ್ಳೆ ಬದುಕು, ಕೆಳಗಿನದ್ದು ಅತಿ ಕೆಟ್ಟದ್ದು, ಈಗ ನೀವು ಎಷ್ಟರಲ್ಲಿ ನಿಂತಿದ್ದೀರಿ. ಒಂದೊಂದು ದೇಶದಲ್ಲಿ ವರ್ಷಕ್ಕೆ ಸುಮಾರು ಸಾವಿರ ಜನರ ಹತ್ರ ಕೇಳಿ, ಮೂರು ವರ್ಷದ ಸರಾಸರಿ ತೆಗೆದು ರ‍್ಯಾಂಕು. 2025ರಲ್ಲಿ 147 ದೇಶದಲ್ಲಿ ನಾವು 118, ಪಾಕಿಸ್ತಾನ 109, ಹಾಗಾಗಿ ಫ್ಯಾಮಿಲಿ ಗ್ರೂಪಿನಲ್ಲಿ ಎರಡು ದಿನ ಯಾರೂ ಸಂತೋಷವಾಗಿರ್ಲಿಲ್ಲ. ಫಿನ್ಲೆಂಡಿನವರು ಸತತ ಎಂಟನೇ ಸಲ ಫಸ್ಟು. ಇರ್ಲಿ, ಅವರಿಗೆ ಕೊಳೆರೋಗದ ಕಾಟ ಇಲ್ಲ, ಹಂದಿ ಬಂದು ಬಾಳೆ ಮಗುಚುದಿಲ್ಲ.

ನಮ್ಮ ಹುಡುಗಿಯ ಪಟ್ಟಿಯ ಕೊನೆಗೂ ಆ ಏಣಿಯನ್ನು ಯಾರೋ ಅಂಟಿಸಿದ್ರು. ಅಪ್ಪನಿಗೆ ಇಂಟರೆಸ್ಟ್ ಬಂದದ್ದು ಆಗ. "ಯಾವ ಏಣಿ? ಒಳ್ಳೆಮೆಣಸು ಕೊಯ್ಯುವ ಒಂಟಿ ಬಿದಿರಿಂದಾ, ಮಾಡಿಗೆ ಹತ್ತುವದ್ದಾ?" ಅವಳಿಗೆ ಒಂಟಿ ಏಣಿ ಗೊತ್ತಿಲ್ಲ. ಎದ್ದು ಕೊಟ್ಟಿಗೆಯ ಬದಿಗೆ ಕರ್ಕೊಂಡು ಹೋಗಿ ತೋರಿಸಿಯೇ ಬಿಟ್ರು. ಒಂದೇ ಬಿದಿರು, ಗೆಣ್ಣಿನ ಹತ್ರ ಕೊಂಬೆಯನ್ನು ಗೇಣುದ್ದ ಬಿಟ್ಟು ಕಡಿದದ್ದು, ಅದೇ ಮೆಟ್ಟಿಲು, ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಎಡೆಯಲ್ಲಿ ಅದನ್ನು ಕಚ್ಚಿ ಹಿಡಿದು ಹತ್ತುದು, ಕೆಳಗೆ ಒಬ್ಬ ಹಿಡಿದುಕೊಳ್ಳಲೇಬೇಕು. "ಇದರಲ್ಲಿ ಮೆಟ್ಟಿಲು ಎಷ್ಟನೆದ್ದು ಅನ್ನುದಲ್ಲ ಮಗಾ ವಿಷಯ, ಕೆಳಗೆ ಹಿಡಿದವ ಬೀಡಿ ಎಳೀಲಿಕ್ಕೆ ಹೋಗದಿದ್ರೆ ಸಾಕು." ಅವಳು ಎಂತ ಒತ್ತಿದ್ಳು ಗೊತ್ತಿಲ್ಲ.

ಒಂದು ಪ್ರಶ್ನೆಗೆ ಮಾತ್ರ ಅಪ್ಪ ತಮಾಷೆ ಮಾಡ್ಲಿಲ್ಲ. ಆರೋಗ್ಯ ಸೇವೆ ಸಿಗುವ ಬಗ್ಗೆ ನಿಮಗೆ ಎಷ್ಟು ತೃಪ್ತಿ. ಅಡಿಕೆ ಹೆಕ್ಕುದು ನಿಲ್ಲಿಸಿ ನನ್ನ ಮುಖ ನೋಡಿದ್ರು. ನಾನು ಅನುವಾದ ಮಾಡ್ಲಿಲ್ಲ, ಅವರಿಗೆ ಅರ್ಥ ಆಗಿತ್ತು.

2020ರ ಮಾರ್ಚಿನಲ್ಲಿ, ಕೊರೋನ ಲಾಕ್‌ಡೌನಿನಲ್ಲಿ, ಗಡಿಯ ತಲಪಾಡಿಯಲ್ಲಿ ಏನಾಯ್ತು ಅಂತ ನಿಮಗೆ ನಾನು ಹೇಳ್ಬೇಕಾ? ರಸ್ತೆಗೆ ಮಣ್ಣು ರಾಶಿ ಹಾಕಿದ್ದು ಮಲಯಾಳಿಗಳಲ್ಲ, ನಮ್ಮವರೇ, ಕನ್ನಡ ತಾಯಿಯ ಮಕ್ಕಳೇ. ಐವತ್ತು ಕಿಲೋಮೀಟರು ಆಚೆ ಆಸ್ಪತ್ರೆ ಇಟ್ಟುಕೊಂಡು ಆಂಬ್ಯುಲೆನ್ಸು ವಾಪಸು ಬಂತು, ಚಿಕಿತ್ಸೆ ಸಿಗದೆ ಜನ ಸತ್ರು, ಹೈಕೋರ್ಟು ಸುಪ್ರೀಂ ಕೋರ್ಟು ಅಂತ ಓಡಿದ ಮೇಲೆ ದಾರಿ ಬಿಟ್ಟದ್ದು. ನವೆಂಬರ್ ಒಂದಕ್ಕೆ ಕಾಸರಗೋಡು ನಮ್ಮದು ಅಂತ ಭಾಷಣ, ಮಾರ್ಚಿನಲ್ಲಿ ಮಣ್ಣು. ಈಚೆಯವರು ಎಂತ ಕಡಿಮೆಯಾ, ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರ ನವೆಂಬರಿನಲ್ಲಿ, ಎಂಬಿಬಿಎಸ್ಸಿಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. ಕಲ್ಲು ಹಾಕುವಾಗ ಒಂದನೇ ಕ್ಲಾಸಿನಲ್ಲಿದ್ದ ಮಗು ಪ್ಲಸ್ ಟು ಮುಗಿಸಿ, ನೀಟ್ ಬರೆದು, ಅದೇ ಕಾಲೇಜಿಗೆ ಸೇರುವಷ್ಟು ಸಮಯ. ಇದನ್ನೇ ದೂರದೃಷ್ಟಿ ಅನ್ನುದು. ಬೆಳಗ್ಗೆಯ ಎಕ್ಸ್‌ರೇ ಕವರುಗಳು ಈಗಲೂ ಮಂಗಳೂರಿಗೇ ಹೋಗುದು.

ಆದ್ರೆ ಲೆಕ್ಕದಲ್ಲಿ ನಾವು ಮೇಲೆಯೇ ಇದ್ದೇವೆ, ಅದೇ ಮಜಾ. ನೀತಿ ಆಯೋಗದ ಸುಸ್ಥಿರ ಅಭಿವೃದ್ಧಿ ಪಟ್ಟಿಯಲ್ಲಿ 2023-24ಕ್ಕೆ ಕೇರಳಕ್ಕೆ 79, ಉತ್ತರಾಖಂಡದ ಜೊತೆ ಫಸ್ಟು. ಬಹುಆಯಾಮದ ಬಡತನ ಬರೀ 0.55 ಶೇಕಡ. 2025ರ ನವೆಂಬರ್ 1ಕ್ಕೆ ಅತಿ ಬಡತನ ಮುಕ್ತ ರಾಜ್ಯ ಅಂತ ಘೋಷಣೆಯೂ ಆಯ್ತು. ಸುಳ್ಳು ಅಂತ ನಾನು ಹೇಳುದಿಲ್ಲ, ಕೇರಳದ ಶಾಲೆ, ಆಸ್ಪತ್ರೆ, ಕುಡುಂಬಶ್ರೀಯ ಹೆಂಗಸರ ಸಂಘಗಳು ಎಲ್ಲ ಹೆಮ್ಮೆಯದ್ದೇ. ಸರಾಸರಿ ಅನ್ನುದು ತಿರುವನಂತಪುರದಿಂದ ಹೊರಟು ವಂದೇ ಭಾರತಿನಲ್ಲಿ ಎಂಟು ಗಂಟೆ ಕೂತು ಕಾಸರಗೋಡಿಗೆ ಮುಟ್ಟುವಾಗ ಸ್ವಲ್ಪ ಸುಸ್ತಾಗಿರ್ತದೆ, ಅಷ್ಟೆ. ಆಫೀಸರುಗಳಿಗೂ ಹಾಗೆಯೇ. "ಕಾಸರಗೋಡಿಗೆ ಹಾಕ್ತೇನೆ" ಅನ್ನುದು ಅಲ್ಲಿ ಬೈಗುಳ. ಬೈಗುಳದೊಳಗೆ ಬದುಕುವವರ ಜೀವಿತ ನಿಲವಾರಂ ಎಷ್ಟು ಅಂತ ಯಾವ ಪ್ರಶ್ನೆಯಲ್ಲಿ ಕೇಳ್ತಾರೋ.

ಇನ್ನು ಸ್ವರ್ಗದ ವಿಷಯ. ಹೊರಗಿನವರಿಗೆ ಇದು ಕಥೆ ಅಂತ ಕಾಣಬಹುದು, ಎಣ್ಮಕಜೆ ಪಂಚಾಯತಿನಲ್ಲಿ ಸ್ವರ್ಗ ಅಂತ ಒಂದು ಊರು ಉಂಟು, ಬಸ್ಸಿಗೆ ಬೋರ್ಡೂ ಹಾಗೇ, ಟಿಕೆಟ್ ತಗೊಂಡು ಜೀವ ಸಹಿತ ಹೋಗಿಬರಬಹುದು. ಒಂದು ಕಾಲದಲ್ಲಿ ನಾವೂ ಇದನ್ನು ಹೇಳಿ ನಗಾಡ್ತಾ ಇದ್ದದ್ದು. ಆ ಸ್ವರ್ಗದ, ಪಡ್ರೆಯ ಗುಡ್ಡೆಗಳ ಮೇಲೆಯೇ ಸರಕಾರಿ ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಹೊಡೆದದ್ದು, ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ. ಮೇಲೆ ಮದ್ದು, ಕೆಳಗೆ ಗುಡ್ಡೆಗೆ ಅಡ್ಡ ಕೊರೆದ ಸುರಂಗದ ಕುಡಿಯುವ ನೀರು, ತೋಡು, ಮಕ್ಕಳು. ನಾವೆಲ್ಲ ಹೆಲಿಕಾಪ್ಟರು ನೋಡ್ಲಿಕ್ಕೆ ಅಂಗಳಕ್ಕೆ ಓಡಿದವರು, ಕೈ ಬೀಸಿದವರು. 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧ ಮಾಡಿತು. 2017ರ ಜನವರಿಯಲ್ಲಿ ಮೂರು ತಿಂಗಳೊಳಗೆ ಸಂತ್ರಸ್ತರಿಗೆ ಐದೈದು ಲಕ್ಷ ಕೊಡಿ ಅಂದಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ಲೆಕ್ಕ ಕೇಳುವಾಗ 3,704 ಜನರಲ್ಲಿ ಎಷ್ಟು ಜನಕ್ಕೆ ಸಿಕ್ಕಿತ್ತು? ಎಂಟು. ಎಂಟು ಜನಕ್ಕೆ ಮಾರಾಯ್ರೆ. ಐದು ವರ್ಷದಲ್ಲಿ ಎಂಟು. ಇದಕ್ಕೆ ಎಂತ ತಮಾಷೆ ಮಾಡುದು ಅಂತ ನನಗೆ ಗೊತ್ತಾಗುದಿಲ್ಲ. ಮೂವತ್ತು ವರ್ಷದ ಮಗನನ್ನು ಈಗಲೂ ಎತ್ತಿ ಮೀಯಿಸುವ ಅಮ್ಮಂದಿರು ಇದ್ದಾರೆ ಅಲ್ಲಿ, ಅವರ ಹತ್ರ ಹೋಗಿ "ನಿಮ್ಮ ಸುತ್ತಲಿನ ಪರಿಸರ ಎಷ್ಟು ಆರೋಗ್ಯಕರ" ಅಂತ ಒಂಬತ್ತನೇ ಪ್ರಶ್ನೆ ಕೇಳಿ ಒಂದರಿಂದ ಐದು ಒತ್ತಿಸಿ ನೋಡುವ.

ಇರ್ಲಿ. ಸಂಚಾರ ವ್ಯವಸ್ಥೆಯ ಪ್ರಶ್ನೆ 25ನೆದ್ದು. ನಮ್ಮ ಮನೆ ಹೈವೇಯ ಈಚೆ, ಹಾಲಿನ ಸೊಸೈಟಿ ಆಚೆ, ಮಧ್ಯದಲ್ಲಿ ಆರು ಲೇನು ಮತ್ತು ಗೋಡೆ. ಮೊದಲು ಎರಡು ನಿಮಿಷ, ಈಗ ಅಂಡರ್‌ಪಾಸು ಹುಡುಕಿಕೊಂಡು ಸುತ್ತು ಹಾಕಿ ಬರುವಾಗ ಹಾಲು ತನ್ನಷ್ಟಕ್ಕೆ ಮೊಸರಾಗ್ತದೆ, ಹೆಪ್ಪು ಹಾಕುವ ಕೆಲಸ ಉಳಿದದ್ದು. ತೃಪ್ತಿ ಐದಕ್ಕೆ ಐದು.

ಇಷ್ಟಾಗುವಾಗ ಒಂದು ಗಂಟೆ ಕಳೆದಿತ್ತು. ಅಮ್ಮ ಒಳಗಿಂದ "ಆ ಹೆಣ್ಣನ್ನು ಉಪವಾಸ ಕಳಿಸ್ಬೇಡಿ" ಅಂದ್ರು. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಮಾವಿನಮಿಡಿ ಉಪ್ಪಿನಕಾಯಿ. ಅದೇ ಸಂತೋಷ ವರದಿಯ 2025ರದ್ದರಲ್ಲಿ, ಒಟ್ಟಿಗೆ ಕೂತು ಉಣ್ಣುವವರು ಹೆಚ್ಚು ನೆಮ್ಮದಿಯಲ್ಲಿರ್ತಾರೆ ಅಂತ ದೊಡ್ಡ ಅಧ್ಯಾಯವೇ ಉಂಟು, ಅಮ್ಮ ಓದಿಲ್ಲ. ಹುಡುಗಿ ಎರಡನೇ ಸಲ ಗಂಜಿ ಹಾಕಿಸಿಕೊಂಡ್ಳು. ತನ್ನ ಅಜ್ಜಿಯೂ ಇಂತದ್ದೇ ಚಟ್ನಿ ಮಾಡುದು ಅಂತ ಹೇಳುವಾಗ ಸ್ವಲ್ಪ ಕಣ್ಣು ಒರೆಸಿಕೊಂಡ್ಳು, ಉಪ್ಪಿನಕಾಯಿಯ ಖಾರಕ್ಕೂ ಇರಬಹುದು.

ಊಟ ಆಗಿ ಸಬ್ಮಿಟ್ ಒತ್ತಿದ್ರೆ ರೇಂಜಿಲ್ಲ. ನಮ್ಮಲ್ಲಿ ರೇಂಜು ಬೇಕಾದ್ರೆ ಮನೆಯ ಹಿಂದಿನ ಪಾರೆಗೆ ಹತ್ಬೇಕು. ಅಪ್ಪ ಬೆರಳು ತೋರಿಸಿದ್ರು, ಅವಳು ಟ್ಯಾಬ್ ತಲೆ ಮೇಲೆ ಹಿಡ್ಕೊಂಡು ಹತ್ತಿದ್ಳು, ನಾವು ಮೂರು ಜನ ಅಂಗಳದಲ್ಲಿ ನಿಂತು ಮೇಲೆ ನೋಡಿದೆವು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಕೂಗು ಬಂತು.

"ಪೋಯಿ! ಪೋಯಿ!"

"ಎಂತ ಹೋದ್ದಂತೆ?" ಅಂತ ಅಮ್ಮ ಕೇಳಿದ್ರು. ಕಳಿಸಿ ಆಯ್ತು ಅಂತಲೂ ಆಗಬಹುದು, ಅಳಿಸಿ ಹೋಯ್ತು ಅಂತಲೂ ಆಗಬಹುದು. ಅಷ್ಟು ದೂರದಿಂದ ನನಗೂ ಅಂದಾಜಾಗ್ಲಿಲ್ಲ. ಅವಳು ಆಚೆ ಬದಿಯ ಕಾಲುದಾರಿಯಲ್ಲಿ ಇಳಿದು ಬಸ್ಸಿಗೆ ಹೋದ್ಳು.