ಮುಳುಗಿದರೆ ನಿಮಗೆಷ್ಟು ಹೋಗುತ್ತದೆ?

ಯಾವುದೇ ಜಂಟಿ ಕೆಲಸ ಅಂದ ಕೂಡಲೇ ಜನ ಕೇಳುವುದು, ಲಾಭದಲ್ಲಿ ನಮಗೆಷ್ಟು ಪಾಲು ಅಂತ. ನಾನು ಕೇಳುವುದು ಬೇರೆ. ಇದು ಮುಳುಗಿದರೆ ನಿಮ್ಮ ಕೈಯಿಂದ ಎಷ್ಟು ಹೋಗುತ್ತದೆ? ಎದುರಿಗೆ ಕೂತವರ ಕೈಯಿಂದ ಏನೂ ಹೋಗುವುದಿಲ್ಲ ಅಂತಾದರೆ ಅದು ಬರೀ ವ್ಯಾಪಾರ. ವ್ಯಾಪಾರ ತಪ್ಪೇನಲ್ಲ. ಅದಕ್ಕೆ ಪಾಲುದಾರಿಕೆಯ ಶಾಲು ಹೊದಿಸಿ ಸನ್ಮಾನ ಮಾಡುವುದು ಬೇಡ, ಅಷ್ಟೇ.

ಕಳೆದ ಮಳೆಗಾಲಕ್ಕೆ ಮುಂಚೆ ನಮ್ಮ ಕಡೆ ಅಗರ್‌ವುಡ್ ಅನ್ನುವ ಸುಗಂಧದ ಮರದ ಗಿಡ ಮಾರುವ ಕಂಪನಿಯೊಂದು ರೈತರ ಸಭೆ ಕರೆದಿತ್ತು. ಪ್ರೊಜೆಕ್ಟರ್, ಬಣ್ಣದ ಕರಪತ್ರ, ಉಪ್ಪಿಟ್ಟು ಶೀರಾ ಎಲ್ಲ ಜೋರಾಗಿತ್ತು. ನಾವು ನೀವು ಒಂದೇ ಕುಟುಂಬ ಅಂದರು. ಗಿಡದ ದುಡ್ಡು ಮಾತ್ರ ಈಗಲೇ ಪೂರ್ತಿ ಕೊಡಬೇಕು. ಮರ ಅವರು ಕೊಳ್ಳುವುದು ವರ್ಷಗಟ್ಟಲೆ ಆದಮೇಲೆ, ಆಗಿನ ರೇಟಿಗೆ. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು, "ಅರ್ಧ ದುಡ್ಡು ಈಗ ಕೊಡ್ತೇವೆ, ಇನ್ನರ್ಧ ಮರ ಕೊಂಡಾಗ ಹಿಡ್ಕೊಳ್ಳಿ, ಆಗಬಹುದಾ?" ಅಂದರು. ಹೆಡ್ ಆಫೀಸಿನಲ್ಲಿ ಕೇಳಿ ಹೇಳುತ್ತೇವೆ ಅಂದವರು ಇನ್ನೂ ಕೇಳುತ್ತಲೇ ಇದ್ದಾರೆ! ಅವರ ಲಾಭ ಗಿಡದಲ್ಲೇ ಮುಗಿದಿರುತ್ತದೆ. ಮರ ಬಂದರೂ ಸರಿ, ಬಾರದಿದ್ದರೂ ಸರಿ.

ಇದರ ಪಕ್ಕದಲ್ಲಿ ಕೊಕ್ಕೊದ, ಅಂದರೆ ಚಾಕಲೇಟ್ ಮಾಡುವ ಬೀಜದ ಬೆಳೆಯ ಕತೆ ಇಟ್ಟು ನೋಡಿ. ದಕ್ಷಿಣ ಕನ್ನಡ, ಕಾಸರಗೋಡಿನ ಅಡಿಕೆ ತೋಟಗಳ ನಡುವೆ ಕೊಕ್ಕೊ ಗಿಡ ಹಬ್ಬಿದ್ದು 1970ರ ದಶಕದಲ್ಲಿ. ಕೊಳ್ಳುವವರಿದ್ದಾರೆ ಎಂಬ ಧೈರ್ಯದಿಂದ ಜನ ನೆಟ್ಟರು. 1980ರ ಹೊತ್ತಿಗೆ ಹೊರದೇಶದಲ್ಲಿ ಬೆಲೆ ಬಿತ್ತು, ಕೊಳ್ಳುವವರು ಹಿಂದೆ ಸರಿದರು. ಅಡಿಕೆಯಾದರೆ ತೊಂದರೆ ಇಲ್ಲ. ಬಿಸಿಲಿಗೆ ಒಣಗಿಸಿ ಸುಲಿದು ಚಾಲಿ ಮಾಡಿ ಗೋಣಿಯಲ್ಲಿ ತುಂಬಿಟ್ಟರೆ ಬೆಲೆ ಬರುವ ತನಕ ಕಾಯಬಹುದು, ಹಳೇ ಅಡಿಕೆಗೆ ಇನ್ನೂ ಒಂದಿಷ್ಟು ಜಾಸ್ತಿಯೇ ಸಿಗುತ್ತದೆ. ಕೊಕ್ಕೊ ಹಾಗಲ್ಲ. ಕಾಯಿ ಒಡೆದು ಹಸಿ ಬೀಜ ತೆಗೆದಿರೋ, ಲೋಳೆ ಸುರಿಯಲು ಶುರು. ಬೇಗ ಹುಳಿಬರಿಸಲು ಹಾಕದಿದ್ದರೆ ಕೆಟ್ಟು ಹೋಯಿತು. ಮರದಲ್ಲೇ ಬಿಡೋಣ ಅಂದರೆ ಅಳಿಲು, ಇಲಿ ಕಾಯುತ್ತಿರುತ್ತವೆ. ಹಾಗಾಗಿ ಕೊಳ್ಳುವವನು ಬೆನ್ನು ತಿರುಗಿಸಿದ ದಿನವೇ ಬೆಳೆಗಾರ ಸೋತ. ಆಗ ಎಷ್ಟೋ ಜನ ಗಿಡವನ್ನೇ ಕಡಿದು ಹಾಕಿದರು.

ಕ್ಯಾಂಪ್ಕೊ ಕೈ ಹಾಕಿದ್ದು ಆಗ. ಅಡಿಕೆ ಬೆಲೆ ಕುಸಿದು ಬೆಳೆಗಾರರು ಕಂಗಾಲಾದಾಗ, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ ಅದು. ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರು ಸದಸ್ಯರು. ಕೊಕ್ಕೊ ಖರೀದಿಗೆ ಇಳಿದದ್ದಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟ್ ಫ್ಯಾಕ್ಟರಿಯನ್ನೇ ಕಟ್ಟಿಬಿಟ್ಟರು. ನನ್ನ ಪ್ರಕಾರ ಇಡೀ ಸಂಬಂಧ ಗಟ್ಟಿಯಾದದ್ದು ಅಲ್ಲಿ. ಫ್ಯಾಕ್ಟರಿಯನ್ನು ಎತ್ತಿಕೊಂಡು ಬೇರೆ ಊರಿಗೆ ಹೋಗಲು ಆಗುವುದಿಲ್ಲ. ಯಂತ್ರ ಸುಮ್ನೆ ನಿಂತರೆ ನಷ್ಟ. ಬೆಳೆಗಾರನಿಗೆ ಅವರು ಬೇಕಾದಷ್ಟೇ ಅವರಿಗೂ ಬೆಳೆಗಾರ ಬೇಕು. ಆಮೇಲೆ ನೆಸ್ಲೆಯಂಥ ದೊಡ್ಡ ಕಂಪನಿಯೂ ಇಲ್ಲಿ ಮಾಲು ಮಾಡಿಸಿಕೊಂಡಿತು. ಯಂತ್ರ ಓಡಿತು, ಅವರಿಗೆ ಮಾಲು ಸಿಕ್ಕಿತು.

ಸಂಸ್ಥೆ ಅಂದಮೇಲೆ ದೂರು ಇದ್ದೇ ಇರುತ್ತದೆ. ಗ್ರೇಡು ಮಾಡುವಾಗ ಒಳ್ಳೆ ಅಡಿಕೆಯನ್ನು ಕಡಿಮೆ ದರ್ಜೆಯ ಪಟೋರಕ್ಕೆ ಹಾಕಿದರು ಅಂತ ಗೊಣಗದ ಮನೆ ನಮ್ಮ ಕಡೆ ಉಂಟಾ? ಆದರೆ ನಮ್ಮದೇ ತಪ್ಪನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪಶ್ಚಿಮ ಆಫ್ರಿಕಾದಲ್ಲಿ ಬೆಳೆ ಕೈಕೊಟ್ಟು 2024ರಲ್ಲಿ ಕೊಕ್ಕೊ ಬೆಲೆ ಟನ್ನಿಗೆ 10,000 ಡಾಲರ್ ದಾಟಿತಲ್ಲ, ಆಗ ಗೇಟಿನ ಹತ್ತಿರವೇ ಪಿಕಪ್ ನಿಲ್ಲಿಸಿ ಕೊಳ್ಳುವವರು ಬಂದರೆ ನಾವು ಬೇಡ ಅನ್ನುತ್ತೇವಾ? ಕಿಲೋಗೆ ಐದು ರೂಪಾಯಿ ಜಾಸ್ತಿ ಅಂದರೆ ಮಾಲು ಅತ್ತ ಹೋಗುತ್ತದೆ. ಬೆಲೆ ಬಿದ್ದ ಮಾರನೇ ದಿನ "ನಮ್ಮ ಸಂಸ್ಥೆ ಎಲ್ಲಿ ಸತ್ತಿತು?" ಅಂತ ವಾಟ್ಸಾಪ್ ಗ್ರೂಪಿನಲ್ಲಿ ಕೂಗಾಡುವವರೂ ನಾವೇ. ಸದಸ್ಯನಾದವನು ಕಷ್ಟಕ್ಕೆ ಮಾತ್ರ ನೆಂಟ ಅಂತಾದರೆ ಆ ಕಡೆಯವರು ಎಷ್ಟು ದಿನ ಹೊರೆ ಹೊತ್ತಾರು?

ಬರೀ ನಿಷ್ಠೆಯ ಭಾಷಣದಿಂದ ಇದು ಸರಿಹೋಗುವುದಿಲ್ಲ. ರೈತನೂ ಸಾಲ ಕಟ್ಟಬೇಕು, ಅವನ ಲೆಕ್ಕ ಅವನಿಗೆ. ಬೆಲೆ ಏರಿದಾಗಲೂ ಇಳಿದಾಗಲೂ ಮಾಲು ಕೊಟ್ಟವರು ಯಾರು ಅಂತ ಸಹಕಾರಿ ಸಂಸ್ಥೆಗಳ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ, ಅಲ್ವಾ? ಬೋನಸ್ ಹಂಚುವಾಗ ಅಂಥವರಿಗೆ ಒಂದು ಪಾಲು ಜಾಸ್ತಿ ಇಡಲಿ. ಅದನ್ನು ಮಹಾಸಭೆಯಲ್ಲಿ ಎಲ್ಲರೆದುರು ಓದಲಿ. ಬಾಕಿಯವರು ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ, ಮರುವರ್ಷ ಪಿಕಪ್‌ನವನು ಬಂದಾಗ ಸ್ವಲ್ಪ ಯೋಚನೆ ಮಾಡುತ್ತಾರೆ.