ಟೋಪಿ ಹಾಕಿದವರು ಯಾರು

ಕನ್ನಡದಲ್ಲಿ ‘ಟೋಪಿ ಹಾಕುವುದು’ ಎಂದರೆ ಮೋಸ ಮಾಡುವುದು ಎಂದರ್ಥ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕ್ರೌನ್ಸ್‌ವಿಲ್‌ನಲ್ಲಿ ನಡೆಯುವ ರಿನೈಸಾನ್ಸ್ ಜಾತ್ರೆಗೆ ಮೊನ್ನೆ ಶನಿವಾರ ಹೋಗಿದ್ದೆವು. ಉರಿಯುವ ಪಂಜುಗಳನ್ನು ಕೈಯಿಂದ ಕೈಗೆ ಹಾರಿಸುತ್ತಿದ್ದ ಕಲಾವಿದನೊಬ್ಬ ಆಟ ಮುಗಿಸಿ, ತಲೆಯ ಮೇಲಿನ ಟೋಪಿಯನ್ನು ತೆಗೆದು ಮಗುಚಿ ಹಿಡಿದು ನಮ್ಮ ಸಾಲಿನತ್ತ ಬರುವಷ್ಟರಲ್ಲಿ, ನಾನು ಹನ್ನೊಂದು ವರ್ಷದ ಮಗಳ ಕೈ ಹಿಡಿದುಕೊಂಡು ಬೆಂಚಿನ ಇನ್ನೊಂದು ತುದಿಯಿಂದ ಮೆಲ್ಲಗೆ ಜಾರಿಕೊಂಡೆ. ಜೇಬಿನಲ್ಲಿ ಚಿಲ್ಲರೆ ಇರಲಿಲ್ಲ ಎಂಬುದು ನಾನು ಹೆಂಡತಿಗೆ ಹೇಳಿದ ಕಾರಣ. ಇಪ್ಪತ್ತು ಡಾಲರಿನ ನೋಟೊಂದು ಇತ್ತು ಎಂಬುದು ನಿಜ. ಅಂದು ಸಂಜೆಯವರೆಗೂ ನನ್ನನ್ನು ಕಾಡಿದ್ದು ಈ ಸಣ್ಣ ಸಂಗತಿಯೇ ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತಿದ್ದೇನೆ.

ಈ ಜಾತ್ರೆಯನ್ನು ನೋಡದವರಿಗಾಗಿ ಅದರ ಪರಿಚಯವನ್ನು ಬೇಗ ಮುಗಿಸುತ್ತೇನೆ. ಅನಾಪೊಲಿಸ್ ನಗರದ ಸಮೀಪ, ದೊಡ್ಡ ಮರಗಳ ತೋಪಿನೊಳಗೆ, 16ನೇ ಶತಮಾನದ ಇಂಗ್ಲೆಂಡಿನ ಹಳ್ಳಿಯೊಂದನ್ನು ಕಟ್ಟಿ ನಿಲ್ಲಿಸಿದ್ದಾರೆ. ಅದರ ಹೆಸರು ರೆವೆಲ್ ಗ್ರೋವ್. 1977ರಲ್ಲಿ ಇದೇ ರಾಜ್ಯದ ಕೊಲಂಬಿಯಾದಲ್ಲಿ ಶುರುವಾಗಿ, 1985ರಲ್ಲಿ ಈಗಿನ ಜಾಗಕ್ಕೆ ಬಂದ ಈ ಜಾತ್ರೆ, ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ವಾರಾಂತ್ಯಗಳಲ್ಲಿ ನಡೆಯುತ್ತದೆ. ಇಲ್ಲಿಯ ರಾಜ ಎಂಟನೆಯ ಹೆನ್ರಿ. ವರ್ಷಕ್ಕೊಂದರಂತೆ ಅವನ ಆಳ್ವಿಕೆಯ ಕಥೆ ಮುಂದೆ ಸಾಗುವುದರಿಂದ, ಪ್ರತಿ ವರ್ಷ ತಪ್ಪದೆ ಬರುವವರಿಗೆ ಈ ಸಲ ಯಾವ ರಾಣಿಯ ಸರದಿ, ಯಾರ ತಲೆ ಉಳಿಯುತ್ತದೆ ಎಂಬ ಕುತೂಹಲವಿರುತ್ತದೆ. ಆರು ಹೆಂಡಿರಲ್ಲಿ ಇಬ್ಬರ ತಲೆ ಕಡಿಸಿದ ಮನುಷ್ಯನಿಗೆ ಮಕ್ಕಳು ಓಡೋಡಿ ಹೋಗಿ ಕೈ ಬೀಸುವುದನ್ನು ನೋಡಿದಾಗ ನನಗೆ ಸ್ವಲ್ಪ ಇರಿಸುಮುರಿಸಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಇಷ್ಟು ಹಳೆಯ ವೇಷ ತೊಟ್ಟ ಈ ಪದ್ಧತಿಗೆ ಇನ್ನೂ ಎಪ್ಪತ್ತು ವರ್ಷವೂ ತುಂಬಿಲ್ಲ. ಫಿಲಿಸ್ ಪ್ಯಾಟರ್ಸನ್ ಎಂಬ ಶಾಲಾ ಶಿಕ್ಷಕಿ ಲಾಸ್ ಏಂಜಲೀಸಿನ ತಮ್ಮ ಮನೆಯ ಹಿತ್ತಲಿನಲ್ಲಿ ಮಕ್ಕಳಿಗೆ ಇಟಲಿಯ ಹಳೆಯ ಬೀದಿ ಪ್ರಹಸನಗಳನ್ನು ಆಡಿಸುತ್ತಿದ್ದರು. ಅದೇ ಬೆಳೆದು, 1963ರ ಮೇ ತಿಂಗಳಲ್ಲಿ, ಅವರೂ ಅವರ ಪತಿ ರಾನ್ ಅವರೂ ಸೇರಿ, ಕೇಳುಗರ ದೇಣಿಗೆಯಿಂದ ನಡೆಯುತ್ತಿದ್ದ ಕೆಪಿಎಫ್‌ಕೆ ರೇಡಿಯೊ ಕೇಂದ್ರಕ್ಕೆ ಹಣ ಕೂಡಿಸಲು ಇಂಥ ಮೊದಲ ಜಾತ್ರೆಯನ್ನು ಏರ್ಪಡಿಸಿದರು. ಅಂದರೆ ಇದರ ಬೇರು ಇರುವುದು ಇತಿಹಾಸದ ಪಾಠದಲ್ಲಲ್ಲ, ನಾಟಕದ ತಾಲೀಮಿನಲ್ಲಿ. ಇಲ್ಲಿ ಇತಿಹಾಸವನ್ನು ಹುಡುಕಿ ನಿರಾಶರಾಗಿ ಬರುವ ನನ್ನ ಕೆಲವು ಓದುಬಲ್ಲ ಸ್ನೇಹಿತರು ಈ ಮಾತನ್ನು ಗಮನಿಸಬೇಕೆಂದು ನನ್ನ ಕೋರಿಕೆ.

ನಾವು ಹೋದದ್ದು ಮೂರು ಕುಟುಂಬಗಳು. ಬಹಳ ಮಂದಿ ಪ್ರೇಕ್ಷಕರೂ ವೇಷ ಹಾಕಿಕೊಂಡೇ ಬರುವ ಜಾಗವಾದ್ದರಿಂದ, ನಾವು ಏನು ಉಡಬೇಕು ಎಂಬ ಚರ್ಚೆ ಹಿಂದಿನ ವಾರವೇ ಶುರುವಾಗಿತ್ತು. ಶಿರಸಿಯ ಕಡೆಯ ಗೆಳತಿಯೊಬ್ಬರು ತಾನು ಗೇರುಸೊಪ್ಪೆಯ ಚೆನ್ನಭೈರಾದೇವಿಯಾಗಿ ಬರುವೆನೆಂದು ಹಟ ಹಿಡಿದರು. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಆಕೆ ಆಳತೊಡಗಿದ್ದು 1552ರಲ್ಲಿ, ಹೆನ್ರಿ ತೀರಿಕೊಂಡದ್ದು 1547ರಲ್ಲಿ, ಆದ್ದರಿಂದ ಇಬ್ಬರೂ ಒಂದೇ ಬೀದಿಯಲ್ಲಿ ಎದುರಾಗುವಂತಿಲ್ಲ ಎಂದು ನನ್ನ ಹೆಂಡತಿ ಆಕ್ಷೇಪ ತೆಗೆದಳು. ಕೊನೆಗೆ ನಮ್ಮನ್ನು ಕಾಪಾಡಿದವನು ಕೃಷ್ಣದೇವರಾಯ. ಹೆನ್ರಿ ಲಂಡನ್ನಿನಲ್ಲಿ ಪಟ್ಟಕ್ಕೆ ಬಂದದ್ದು 1509ರಲ್ಲಿ. ಹಂಪೆಯಲ್ಲಿ ನಮ್ಮ ರಾಯ ಪಟ್ಟಕ್ಕೆ ಬಂದದ್ದೂ ಅದೇ ವರ್ಷ. ಗೆಳತಿ ಇಳಕಲ್ ಸೀರೆ ಉಟ್ಟು, ಮೂಗಿಗೆ ನತ್ತು ಸಿಕ್ಕಿಸಿಕೊಂಡು, ವಿಜಯನಗರದ ರಾಯಭಾರಿಯಾಗಿ ಹೊರಟರು. ಆ ಕಾಲದಲ್ಲಿ ಇಳಕಲ್ ಸೀರೆ ಈ ರೂಪದಲ್ಲಿ ಇತ್ತೇ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಅದೇ ಹಳ್ಳಿಯ ಬೀದಿಯಲ್ಲಿ ನನ್ನ ಹೆಂಡತಿಯ ಸಹೋದ್ಯೋಗಿಯೊಬ್ಬರು ವಾರಾಂತ್ಯದ ಕಲಾವಿದರು. ವಾರವಿಡೀ ಶಾಲೆಯಲ್ಲಿ ವಿಜ್ಞಾನ ಕಲಿಸುವ ಅವರು ಶನಿವಾರ ಭಾನುವಾರ ತೂಕದಲ್ಲಿ ಮೋಸ ಮಾಡುವ ಸಂಬಾರ ವ್ಯಾಪಾರಿಯಾಗುತ್ತಾರೆ. ವೇದಿಕೆಯಿಲ್ಲ, ಬರೆದಿಟ್ಟ ಮಾತಿಲ್ಲ; ಎದುರಿಗೆ ಬಂದವರೇ ಪ್ರಸಂಗ. ನಮ್ಮ ಗೆಳತಿಯನ್ನು ಕಂಡದ್ದೇ ತಡ, ತಕ್ಕಡಿಯನ್ನು ಕೆಳಗಿಟ್ಟು ಮೊಣಕಾಲೂರಿದರು. ಅವರ ಇಂಗ್ಲಿಷನ್ನು ನಮ್ಮ ಕಂಪನಿ ನಾಟಕದ ಕನ್ನಡಕ್ಕೆ ತಿರುಗಿಸಿದರೆ ಸಂಭಾಷಣೆ ಹೀಗಿತ್ತು.

“ದೇವಿಯವರು ಯಾವ ನಾಡಿನಿಂದ ದಯಮಾಡಿಸಿದಿರಿ?”

“ವಿಜಯನಗರದಿಂದ.”

ಅವರಿಗೆ ಆ ಹೆಸರು ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದು ಒಂದು ಕ್ಷಣ ಕಣ್ಣಿನಲ್ಲಿ ಕಾಣಿಸಿತು. ಆಮೇಲೆ ಗಾಳಿಯಲ್ಲಿ ಮೂಗು ಅರಳಿಸಿ, “ಮೆಣಸಿನ ವಾಸನೆ ಬರುತ್ತಿದೆಯಲ್ಲ! ಹಾಗಾದರೆ ನಾನು ಆಂಟ್ವರ್ಪಿನಲ್ಲಿ ಮೂರು ಪಟ್ಟು ಬೆಲೆ ಕೊಟ್ಟು ಕೊಂಡದ್ದು ನಿಮ್ಮ ಮನೆಯ ಮಾಲೇ? ದೇವಿ, ಇನ್ನು ಮುಂದೆ ನಡುವಿನವರು ಬೇಡ, ನಾವು ನಾವೇ ಮಾತಾಡಿಕೊಳ್ಳೋಣ” ಎಂದರು. ಸುತ್ತ ನಿಂತವರೆಲ್ಲ ನಕ್ಕರು. ನಾನು ಬೆರಗಾದೆ, ಏಕೆಂದರೆ ಮಾತು ಚೇಷ್ಟೆಯದಾದರೂ ಲೆಕ್ಕ ಸರಿಯಾಗಿತ್ತು: ನಮ್ಮ ಪಶ್ಚಿಮ ಕರಾವಳಿಯಿಂದ ಪೋರ್ಚುಗೀಸರ ಹಡಗುಗಳು ಲಿಸ್ಬನ್ನಿಗೆ ಒಯ್ದ ಮೆಣಸು ಆಗ ಇಂಗ್ಲೆಂಡಿನ ವ್ಯಾಪಾರಿಗಳಿಗೆ ಸಿಗುತ್ತಿದ್ದುದು ಹೆಚ್ಚಾಗಿ ಆಂಟ್ವರ್ಪಿನ ಪೇಟೆಯಲ್ಲೇ.

ಇದಾದ ಮೇಲೆ ನಮ್ಮ ಗುಂಪಿನ ತಲೆಗೆ 1520 ಹತ್ತಿತು. ಆ ವರ್ಷದ ಜೂನ್ ತಿಂಗಳಲ್ಲಿ ಹೆನ್ರಿ ಮತ್ತು ಫ್ರಾನ್ಸಿನ ರಾಜ ಮೊದಲನೆಯ ಫ್ರಾನ್ಸಿಸ್ ಕ್ಯಾಲೆ (Calais) ನಗರದ ಬಳಿ ಬಂಗಾರದ ಬಟ್ಟೆಯ ಡೇರೆಗಳನ್ನು ಹಾಕಿಸಿ ವಾರಗಟ್ಟಲೆ ಉತ್ಸವ ನಡೆಸಿದರು. ಅಲ್ಲಿ ಕುಸ್ತಿಗೆ ಬಿದ್ದಾಗ ಫ್ರಾನ್ಸಿಸ್ ಹೆನ್ರಿಯನ್ನು ಕೆಡವಿದನೆಂದು ಫ್ರೆಂಚರ ಕಡೆಯವನೊಬ್ಬ ಬರೆದಿಟ್ಟಿದ್ದಾನೆ. ಹೆಚ್ಚು ಕಡಿಮೆ ಅದೇ ಕಾಲಕ್ಕೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿಯ ಒಂಬತ್ತು ದಿನಗಳ ಆನೆ, ಕುದುರೆ, ನರ್ತಕಿಯರು, ಬಾಣಬಿರುಸುಗಳನ್ನೂ, ಹಲ್ಲು ಉದುರುವಂತೆ ಹೊಡೆದಾಡುವ ಜಟ್ಟಿಗಳನ್ನೂ ವರ್ಣಿಸಿದ. ಬೆಳಗಿನ ಜಾವ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು ರಾಯನೇ ಜಟ್ಟಿಯೊಡನೆ ಕುಸ್ತಿ ಮಾಡುತ್ತಿದ್ದನೆಂದೂ ಬರೆದ. ಎಲ್ಲರೂ ಕೈಯಲ್ಲಿ ಹಿಡಿದು ತಿರುಗುತ್ತಿದ್ದ ಟರ್ಕಿ ಕೋಳಿಯ ದೊಡ್ಡ ತೊಡೆಯನ್ನು ನೋಡಿ ಶಿರಸಿಯ ಗೆಳತಿ, ಆ ಹಕ್ಕಿ ಯುರೋಪಿಗೆ ಹೋದದ್ದೇ ಈ ಅಮೆರಿಕ ಖಂಡದಿಂದ, ಅದೂ 16ನೇ ಶತಮಾನದಲ್ಲಿ, ಎಂದು ತಪ್ಪು ಹಿಡಿದರು. ಹಾಗೆ ಲೆಕ್ಕ ಹಾಕಿದರೆ ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಪೂರ್ವಿಕರೂ ಪೋರ್ಚುಗೀಸರ ಮೂಲಕ ಇದೇ ಖಂಡದಿಂದ ಬಂದವರು; ಊರಿನ ಮೆಣಸಿಗೆ ‘ಕಾಯಿ’ ಸೇರಿಸಿ ನಾವು ಅದನ್ನು ನಮ್ಮದಾಗಿಸಿಕೊಂಡೆವು. ಸಸ್ಯಾಹಾರಿಗಳಾದ ನಮಗೆ ಅಲ್ಲಿ ಸಿಕ್ಕಿದ್ದು ಆಲೂಗಡ್ಡೆ. ಅದೂ ಇಲ್ಲಿಯದೇ.

ಕುದುರೆಯ ಮೇಲೆ ಕೂತು ಉದ್ದನೆಯ ಭರ್ಜಿ ಹಿಡಿದು ಎದುರಾಳಿಯನ್ನು ತಿವಿಯುವ ಜೌಸ್ಟ್ ಎಂಬ ಆಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಜನ ಅತಿ ಹೆಚ್ಚು ಸೇರುವುದು ಅದಕ್ಕೇ. ಜೌಸ್ಟಿಂಗ್ 1962ರಿಂದ ಮೇರಿಲ್ಯಾಂಡ್ ರಾಜ್ಯದ ಅಧಿಕೃತ ಕ್ರೀಡೆಯೂ ಹೌದು, ಆದರೆ ರಾಜ್ಯದ ಸ್ಪರ್ಧೆಗಳಲ್ಲಿ ತಿವಿಯುವುದು ಮನುಷ್ಯನನ್ನಲ್ಲ, ತೂಗುಬಿಟ್ಟ ಸಣ್ಣ ಉಂಗುರಗಳನ್ನು. ಹೆನ್ರಿ 1536ರ ಜನವರಿಯಲ್ಲಿ ಇದೇ ಆಟದಲ್ಲಿ ಕುದುರೆಯಿಂದ ಬಿದ್ದು ಸಾಯುವುದರಿಂದ ಉಳಿದ. ಫ್ರಾನ್ಸಿನ ಇನ್ನೊಬ್ಬ ರಾಜ 1559ರಲ್ಲಿ ಭರ್ಜಿಯ ಸಿಬಿರು ಕಣ್ಣಿಗೆ ಹೊಕ್ಕು ಸತ್ತೇ ಹೋದ. ಮಗಳಿಗೆ ಕುದುರೆ ಇಷ್ಟವಾಯಿತು, ನನಗೆ ಬಿಸಿಲು ಜಾಸ್ತಿಯಾಯಿತು.

ನಾನು ಹೇಳಬೇಕಾದದ್ದು ಟೋಪಿಯ ವಿಷಯ. ಮಧ್ಯಾಹ್ನ ನೆರಳಿನಲ್ಲಿ ಕುಳಿತಾಗ ಆ ವ್ಯಾಪಾರಿ ಮೇಷ್ಟ್ರು ಈ ಕಸುಬಿನ ಒಳಗುಟ್ಟನ್ನು ನಮಗೆ ಬಿಡಿಸಿ ಹೇಳಿದರು. ತಮ್ಮಂಥ ಬೀದಿ ಪಾತ್ರಧಾರಿಗಳಿಗೆ ಜಾತ್ರೆಯವರೇ ಸಂಬಳ ಕೊಡುತ್ತಾರೆ, ಆದರೆ ಸಣ್ಣ ವೇದಿಕೆಗಳಲ್ಲಿ ಆಡುವ ಬಹಳ ಕಲಾವಿದರ ಗಳಿಕೆಯಲ್ಲಿ ದೊಡ್ಡ ಪಾಲು ಟೋಪಿಯದು ಎಂದರು. ಅವರಲ್ಲಿ ಎಷ್ಟೋ ಜನ ಫೆಬ್ರವರಿಯಲ್ಲಿ ಅರಿಜೋನಾ, ವಸಂತದಲ್ಲಿ ಟೆಕ್ಸಾಸ್, ಬೇಸಿಗೆಯಲ್ಲಿ ಕೊಲರಾಡೊ ಎಂದು ಒಂದು ಜಾತ್ರೆಯಿಂದ ಇನ್ನೊಂದಕ್ಕೆ ವರ್ಷವಿಡೀ ಸುತ್ತುವವರು, ನಮ್ಮ ಟೆಂಟಿನ ಮೇಳದವರ ಹಾಗೆ. ಖಾಲಿ ಬೆಂಚುಗಳ ಮುಂದೆ ನಿಂತು, ದಾರಿಹೋಕರಲ್ಲಿ ಮೂವರನ್ನು ಮಾತಿಗೆಳೆದು, ಅವರಿಗೆ ಜೋರಾಗಿ ಕೂಗುವುದನ್ನು ಕಲಿಸಿ, ಆ ಕೂಗಿಗೆ ಮೂವತ್ತು ಜನ ತಿರುಗಿ ನೋಡುವಂತೆ ಮಾಡಿ, ಮೂವತ್ತು ಮುನ್ನೂರಾದ ಮೇಲೆ, ಎಲ್ಲಕ್ಕಿಂತ ಕಷ್ಟದ ವರಸೆಯನ್ನು ತೋರಿಸುವ ಮೊದಲು ಆಟ ನಿಲ್ಲಿಸಿ ಹಣದ ಮಾತು ಎತ್ತಬೇಕು. ಮುಗಿದ ಮೇಲೆ ಎತ್ತಿದರೆ ಜನ ಎದ್ದಿರುತ್ತಾರೆ. ಬಹಳ ಮುಂಚೆ ಎತ್ತಿದರೆ ಭಿಕ್ಷೆಯೆನಿಸುತ್ತದೆ. ಆ ಒಂದೂವರೆ ನಿಮಿಷದ ಮಾತನ್ನು ಹತ್ತು ವರ್ಷ ತಿದ್ದುವವರಿದ್ದಾರೆ ಎಂದರು.

ಇದೇ ಜಾತ್ರೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕತ್ತಿ ನುಂಗುವ ಆಟ ಆಡಿ, 2017ರಲ್ಲಿ ತೀರಿಕೊಂಡ ಜಾನಿ ಫಾಕ್ಸ್ ಅವರನ್ನು ಹಳಬರು ಈಗಲೂ ನೆನೆಯುತ್ತಾರೆ. ಟೆಲಿವಿಷನ್ನಿನಿಂದ ಲೋಕಪ್ರಸಿದ್ಧರಾದ ಪೆನ್ ಮತ್ತು ಟೆಲ್ಲರ್ ಎಂಬ ಜಾದೂಗಾರರ ಜೋಡಿ 1970ರ ದಶಕದಲ್ಲಿ ಆಡುತ್ತಿದ್ದದ್ದು ಮಿನೆಸೋಟದ ಇಂಥದೇ ಜಾತ್ರೆಯಲ್ಲಿ. ಇವರು ಯಾರೂ 16ನೇ ಶತಮಾನದ ಇಂಗ್ಲಿಷನ್ನು ಸರಿಯಾಗಿ ಆಡಿದರೆಂದು ಪ್ರಸಿದ್ಧರಲ್ಲ. ನಿಂತವರನ್ನು ಕೂರಿಸಿ, ಕೂತವರ ಕೈ ಜೇಬಿಗೆ ಹೋಗುವಂತೆ ಮಾಡುವ ವಿದ್ಯೆ ಅವರದು. ಇಡೀ ರೆವೆಲ್ ಗ್ರೋವ್‌ನಲ್ಲಿ ನಿಜವಾಗಿ ಹೆನ್ರಿಯ ಕಾಲದ್ದು ಎನ್ನಬಹುದಾದ ವಸ್ತು ಒಂದಿದ್ದರೆ ಅದು ಈ ವಿದ್ಯೆಯೇ ಎಂಬುದು ನನ್ನ ವಾದ. ಗೋಡೆ ಪ್ಲೈವುಡ್ಡಿನದಿರಬಹುದು, ಕಿರೀಟ ತಗಡಿನದಿರಬಹುದು, ಆದರೆ ಕೊಡದೆ ಎದ್ದುಹೋಗುವ ಸ್ವಾತಂತ್ರ್ಯವಿರುವ ಮನುಷ್ಯನ ಮುಂದೆ ತನ್ನ ಊಟವನ್ನು ಪಣಕ್ಕಿಟ್ಟು ನಿಲ್ಲುವವನ ಧೈರ್ಯಕ್ಕೆ ವೇಷ ಬೇಕಿಲ್ಲ.

ಆ ಕಾಲದ ಕಾನೂನು ಇವರನ್ನು ಹೇಗೆ ಕಂಡಿತ್ತು ಎಂಬುದನ್ನು ಮಾತ್ರ ಜಾತ್ರೆ ಹೇಳುವುದಿಲ್ಲ. ಹೆನ್ರಿಯ ಮಗಳು ಎಲಿಜಬೆತ್‌ಳ ಕಾಲದಲ್ಲಿ, 1572ರಲ್ಲಿ ಬಂದ ಕಾಯ್ದೆಯೊಂದು, ಒಡೆಯರ ಆಶ್ರಯವಾಗಲಿ ಪರವಾನಗಿಯಾಗಲಿ ಇಲ್ಲದೆ ಅಲೆಯುವ ನಟರು, ಹಾಡುಗಾರರು, ಕೈಚಳಕದವರನ್ನೆಲ್ಲ ಪುಂಡರು, ಬೀದಿ ಅಲೆಯುವವರು ಎಂಬ ಪಟ್ಟಿಗೆ ಸೇರಿಸಿ ಚಾಟಿಯ ಏಟು ವಿಧಿಸಿತು. ಮುನ್ನೂರು ವರ್ಷಗಳ ನಂತರ, 1871ರಲ್ಲಿ, ಅದೇ ಇಂಗ್ಲಿಷರು ನಮ್ಮ ದೇಶದಲ್ಲಿ ಹಲವು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದಿಟ್ಟರು. ಆ ಕಾಯ್ದೆ ರದ್ದಾಗಲು 1952 ಬರಬೇಕಾಯಿತು, ಜನರ ಮನಸ್ಸಿನಿಂದ ಅದು ರದ್ದಾಯಿತೆಂದು ಹೇಳಲಾರೆ. ಹಾಸನದ ಕಡೆಯ ನಮ್ಮೂರಿಗೆ ನಾನು ಚಿಕ್ಕವನಿದ್ದಾಗ ದೊಂಬರಾಟದವರು ಬರುತ್ತಿದ್ದರು. ನನ್ನಷ್ಟೇ ವಯಸ್ಸಿನ ಹುಡುಗಿಯೊಬ್ಬಳು ಗಳದ ತುದಿಯಲ್ಲಿ ಹೊಟ್ಟೆಯ ಮೇಲೆ ಗಿರಗಿರನೆ ತಿರುಗುತ್ತಿದ್ದಳು, ಅವಳ ತಂದೆ ಡೋಲು ಬಡಿಯುತ್ತಿದ್ದ. ಅವಳು ಇಳಿದು ಟವೆಲ್ ಹಾಸುವ ಹೊತ್ತಿಗೆ ನಾವು ಹುಡುಗರೆಲ್ಲ ಕೇಕೆ ಹಾಕುತ್ತ ಓಡಿಬಿಡುತ್ತಿದ್ದೆವು. ಶನಿವಾರ ಬೆಂಚಿನಿಂದ ಜಾರಿಕೊಂಡವನು ಅದೇ ಹುಡುಗ, ವಯಸ್ಸು ಮಾತ್ರ ಐವತ್ತೊಂದು.

ಟಿಕೆಟ್ಟಿಗೆ ಕೊಟ್ಟಾಗಿದೆ, ಮತ್ತೆ ಟೋಪಿಗೆ ಏಕೆ ಕೊಡಬೇಕು ಎಂದು ನಮ್ಮ ಗುಂಪಿನಲ್ಲೇ ಒಬ್ಬರು ಕೇಳಿದರು. ತಳ್ಳಿಹಾಕುವಂಥ ಪ್ರಶ್ನೆಯಲ್ಲ ಇದು, ಕಲಾವಿದರಿಗೆ ಸರಿಯಾದ ಸಂಬಳ ಕೊಟ್ಟುಬಿಟ್ಟರೆ ಟೋಪಿಯ ಗೊಡವೆಯೇ ಇರುವುದಿಲ್ಲ ಎಂಬುದು ನ್ಯಾಯದ ಮಾತು. ಆದರೆ ಇದನ್ನು ಕೇಳಿದವರೂ ನಾನೂ ಅಂದು ಬೆಳಗ್ಗೆ, ಮಕ್ಕಳು ಮಾರನೆಯ ದಿನವೇ ಮುರಿಯಲಿರುವ ಮರದ ಕತ್ತಿಗಳಿಗೆ ಚೌಕಾಸಿ ಮಾಡದೆ ಹಣ ತೆತ್ತಿದ್ದೆವು. ವಸ್ತುವಿಗೆ ಬೆಲೆಯಿದೆ, ಆಟಕ್ಕೆ ಬೆಲೆಯಿಲ್ಲ ಎಂಬ ನಮ್ಮ ಈ ಅಭ್ಯಾಸ ಸಂಬಳದ ತತ್ವದಿಂದ ಹುಟ್ಟಿದ್ದಲ್ಲ. ಫೋನಿನಲ್ಲಿ ಆಟವನ್ನು ಪೂರ್ತಿ ಚಿತ್ರೀಕರಿಸಿಕೊಂಡು, ಟೋಪಿ ಹತ್ತಿರ ಬಂದಾಗ ಅದೇ ಫೋನಿನಲ್ಲಿ ತುರ್ತು ಕರೆ ಬಂದಂತೆ ನಟಿಸಿದವರೂ ನಮ್ಮಲ್ಲಿದ್ದರು. ಆ ನಟನೆಯೂ ಚೆನ್ನಾಗಿತ್ತೆಂದು ಒಪ್ಪುತ್ತೇನೆ.

ಸಂಜೆ ಆ ಪಂಜಿನ ಕಲಾವಿದನ ಕೊನೆಯ ಆಟಕ್ಕೆ ಮಗಳನ್ನು ಕರೆದುಕೊಂಡು ಮತ್ತೆ ಹೋದೆ. ಅದೇ ಪಂಜುಗಳು, ಅದೇ ಜೋಕುಗಳು, ಬೆಳಗ್ಗೆ ಕೈತಪ್ಪಿ ಬಿದ್ದಿತೆಂದು ನಾನು ನಂಬಿದ್ದ ಪಂಜು ಅದೇ ಜಾಗದಲ್ಲಿ ಅದೇ ರೀತಿ ಬಿತ್ತು. ಆ ಇಪ್ಪತ್ತರ ನೋಟನ್ನು ಮಗಳ ಕೈಯಲ್ಲಿ ಹಾಕಿಸಿದೆ. ಅವನು ನನ್ನನ್ನು ಗುರುತಿಸಲಿಲ್ಲ. ಮಗಳಿಗೆ ತಲೆಬಾಗಿ, ಮುಂದಿನವರ ಕಡೆ ತಿರುಗಿದ.

ಬಾಗಿಲು ಮುಚ್ಚುವ ಹೊತ್ತಿಗೆ ವಾಹನ ನಿಲ್ಲಿಸಿದ್ದ ಹುಲ್ಲು ಬಯಲಿನಲ್ಲಿ ಮೇಷ್ಟ್ರು ಸಿಕ್ಕಿದರು. ಉಣ್ಣೆಯ ಅಂಗಿ ಬೆವರಿನಿಂದ ತೊಯ್ದು ಹೋಗಿತ್ತು, ಕಾರಿನ ಬಾಗಿಲಿಗೆ ಒರಗಿ ಬೂಟು ಬಿಚ್ಚಿ ಕ್ಯಾನ್ವಾಸ್ ಶೂ ಹಾಕಿಕೊಳ್ಳುತ್ತಿದ್ದರು. ಹಿಂದಿನ ಸೀಟಿನಲ್ಲಿ ಸೋಮವಾರಕ್ಕೆ ತಿದ್ದಬೇಕಾದ ಉತ್ತರ ಪತ್ರಿಕೆಗಳ ಕಟ್ಟು. ನಮ್ಮ ಗೆಳತಿಯನ್ನು ಕಂಡವರೇ, ನಿಮ್ಮ ರಾಜನ ಹೆಸರನ್ನು ಇನ್ನೊಮ್ಮೆ ಹೇಳಿ ಎಂದರು. ಇವರು ಹೇಳಿದರು, ಅವರು ತಪ್ಪಾಗಿ ಉಚ್ಚರಿಸಿದರು, ಇವರು ತಿದ್ದಿದರು. ‘ಷ್ಣ’ದ ಹತ್ತಿರ ನಾಲಿಗೆ ನಾಲ್ಕು ಸಲ ಎಡವಿತು. ಮುಂದಿನ ಶನಿವಾರ ಸೀರೆಯುಟ್ಟ ಇನ್ಯಾರಾದರೂ ಬಂದರೆ ಗೊತ್ತಿಲ್ಲದವನಂತೆ ನಿಲ್ಲಬಾರದಲ್ಲ ಎನ್ನುತ್ತ ಅವರು ಕಾರು ಹತ್ತಿದರು. ಕಿಟಕಿಯ ಗಾಜು ಏರುತ್ತಿದ್ದಾಗಲೂ ತುಟಿಗಳು ಅದೇ ಹೆಸರನ್ನು ತಿದ್ದುತ್ತಿದ್ದವು.