ಎಲ್‌ಇಡಿ ಮಿನುಗಿತು, ಪಾಠ ಮುಗಿಯಿತು

ಎಲೆಕ್ಟ್ರಾನಿಕ್ಸ್ ಕಲಿಸುವ ಯಾವ ಟ್ಯುಟೋರಿಯಲ್ ತೆರೆದರೂ ಮೊದಲ ಸಾಲಿನಲ್ಲೇ ‘ಇದು ತುಂಬಾ ಸುಲಭ’ ಅಂತಿರುತ್ತದೆ. ಆ ಸಾಲು ಕಣ್ಣಿಗೆ ಬಿದ್ದ ಕೂಡಲೇ ಆ ದಿನದ ಮಿಕ್ಕ ಕೆಲಸಗಳನ್ನೆಲ್ಲ ನಾಳೆಗೆ ತಳ್ಳಿಬಿಡುವುದು ಈಗ ನನಗೆ ರೂಢಿ. ‘ಸ್ವಲ್ಪ ಕಷ್ಟ ಇದೆ, ಗಮನವಿಟ್ಟು ಮಾಡಿ’ ಅಂದವರ ಪಾಠ ಮಧ್ಯಾಹ್ನದ ಊಟದೊಳಗೆ ಮುಗಿಯುತ್ತದೆ. ಸುಲಭ ಅಂದವರದ್ದು ಮಧ್ಯರಾತ್ರಿ ದಾಟಿದರೂ ಮುಗಿಯುವುದಿಲ್ಲ.

ನನ್ನ ಆಸೆ ಅಂಥ ದೊಡ್ಡದೇನಲ್ಲ. ಕಿಟಕಿಯಲ್ಲಿರುವ ಕುಂಡದ ತೇವ ಎಷ್ಟಿದೆ ಅಂತ ಇಎಸ್‌ಪಿ 32 ಅನ್ನುವ, ವೈಫೈ ಇರುವ ಒಂದು ಸಣ್ಣ ಕಂಪ್ಯೂಟರ್ ಬೋರ್ಡು ಅಳೆದು ಫೋನಿಗೆ ತಿಳಿಸಬೇಕು, ಹನ್ನೆರಡು ಗಂಟೆಗೊಮ್ಮೆ ಪುಟ್ಟ ಪಂಪು ಐದು ಸೆಕೆಂಡು ನೀರು ಬಿಡಬೇಕು.

“ಒಂದು ಚೊಂಬು ನೀರು ಹಾಕೋಕೆ ಇಷ್ಟೆಲ್ಲ ವೈರು ಯಾಕ್ರೀ?” ಅಂದಳು ಹೆಂಡತಿ.

“ಇದು ಐಒಟಿ” ಅಂದೆ, ಅಂದರೆ ವಸ್ತುಗಳನ್ನು ಇಂಟರ್ನೆಟ್ಟಿಗೆ ಜೋಡಿಸುವ ವಿದ್ಯೆ. ಮುಂದಿನ ಪ್ರಶ್ನೆ ಬರಲಿಲ್ಲ. ಆ ಪದಕ್ಕೆ ಅಷ್ಟು ಶಕ್ತಿ ಇದೆ.

‘ಬೋರ್ಡನ್ನು ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿ’ ಅನ್ನುವುದು ಪಾಠದಲ್ಲಿ ಅರ್ಧ ಸಾಲು. ಜೋಡಿಸಿದೆ. ಬೋರ್ಡಿನ ಮೇಲೆ ಕೆಂಪು ದೀಪ ಹತ್ತಿತು, ಆದರೆ ಕಂಪ್ಯೂಟರಿನ ಪೋರ್ಟ್ ಪಟ್ಟಿ ಖಾಲಿ. ಡ್ರೈವರ್ ಹಾಕಿ, ತೆಗೆದು, ಮತ್ತೆ ಹಾಕಿ, ಕಂಪ್ಯೂಟರನ್ನು ಮಲಗಿಸಿ ಎಬ್ಬಿಸಿ ನೋಡಿದ್ದಾಯಿತು. ಕೊನೆಗೆ ಗೊತ್ತಾದದ್ದು, ಆ ಕೇಬಲ್ ಬರೀ ಚಾರ್ಜಿಂಗಿನದು ಅಂತ. ಅದರೊಳಗೆ ಕರೆಂಟಿನ ಎರಡು ತಂತಿ ಇವೆ, ಡೇಟಾ ಹೊರುವ ಎರಡು ಇಲ್ಲ. ಹೊರಗಿನಿಂದ ನೋಡಿದರೆ ಎರಡು ಬಗೆಯ ಕೇಬಲ್ಲುಗಳೂ ಒಂದೇ ಥರ. ಬೇರೆ ಮಾಡಿ ಹೇಳುವ ಗುರುತನ್ನು ಯಾರೂ ಅಚ್ಚು ಹಾಕುವುದಿಲ್ಲ. ನಮ್ಮ ಮನೆಯ ಡ್ರಾಯರಿನಲ್ಲಿ ಈಗ ಡೇಟಾ ಕೇಬಲ್ಲಿಗೆ ಮಾತ್ರ ಹಸಿರು ದಾರ ಕಟ್ಟಿದೆ.

ಮುಂದೆ ಅಪ್‌ಲೋಡ್, ಅಂದರೆ ಪ್ರೋಗ್ರಾಮನ್ನು ಬೋರ್ಡಿಗೆ ತುಂಬುವುದು. ಪರದೆಯಲ್ಲಿ ‘ಕನೆಕ್ಟಿಂಗ್’ ಅಂತ ಬಂತು. ಹಿಂದೆಯೇ ಚುಕ್ಕಿ, ಚುಕ್ಕಿ, ಚುಕ್ಕಿ, ಅಡ್ಡಗೆರೆ, ಮತ್ತೆ ಚುಕ್ಕಿ. ಆಮೇಲೆ ಕೆಂಪು ಅಕ್ಷರದಲ್ಲಿ ‘ಆಗಲಿಲ್ಲ’ ಅನ್ನುವ ಅರ್ಥದ ನಾಲ್ಕು ಸಾಲು. ವಿಡಿಯೋದಲ್ಲಿ ಮಾತ್ರ ಆ ಮಹಾನುಭಾವ ಬಟನ್ ಒತ್ತುತ್ತಾನೆ, ಶೇಕಡಾ ನೂರು ಅಂತ ಬರುತ್ತದೆ, ಅವನು ನಗುತ್ತಾನೆ. ಆ ತುಣುಕನ್ನು ಹಿಂದೆ ಮುಂದೆ ಓಡಿಸಿ ನೋಡುತ್ತಿದ್ದಾಗ ಒಂದು ಗಮನಕ್ಕೆ ಬಂತು: ಬಲಗೈ ಮೌಸಿನ ಮೇಲಿದೆ, ಎಡಗೈ ಕ್ಯಾಮೆರಾದಾಚೆ ಎಲ್ಲೋ ಇದೆ. ಆ ಎಡಗೈ ಮಾಡುತ್ತಿದ್ದುದೇ ಪಾಠದ ಅರ್ಧಭಾಗ. ಬೋರ್ಡಿನ ಮೂಲೆಯಲ್ಲಿ ‘ಬೂಟ್’ ಅನ್ನುವ ಗುಂಡಿ ಇರುತ್ತದೆ. ಕೆಲವು ಬೋರ್ಡುಗಳಲ್ಲಿ ಅದನ್ನು ಒತ್ತಿ ಹಿಡಿದುಕೊಂಡರೆ ಮಾತ್ರ ಚಿಪ್ಪು ಹೊಸ ಪ್ರೋಗ್ರಾಮನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಇದನ್ನು ಬಾಯಿಬಿಟ್ಟು ಹೇಳಲು ಏನು ದಾಡಿ?

ಬೋರ್ಡು ಹೇಳುವುದನ್ನು ಪರದೆಯಲ್ಲಿ ತೋರಿಸುವ ಸೀರಿಯಲ್ ಮಾನಿಟರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ, ತಲೆಕೆಳಗಾದ ಅಕ್ಷರ, ಚೌಕಗಳು ಬಂದದ್ದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೋರ್ಡು ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ಮಾತಾಡುತ್ತಿತ್ತು, ನಾನು 9600ರಲ್ಲಿ ಕೇಳುತ್ತಿದ್ದೆ, ಅಷ್ಟೇ. ಇದರ ಅಣ್ಣನಂತಿರುವ ಹಳೆಯ ಚಿಪ್ಪು ಇಎಸ್‌ಪಿ 8266 ಇದಕ್ಕಿಂತ ವಿಚಿತ್ರ. ಎದ್ದ ಕೂಡಲೇ ಅದು ಗೊಣಗುವುದು ಸಾಮಾನ್ಯವಾಗಿ 74880ರ ವೇಗದಲ್ಲಿ. ಒಳಗಿನ ಕೋಡು ಚಿಪ್ಪಿಗೆ ತಾಳ ಹಾಕಲು 40 ಮೆಗಾಹರ್ಟ್ಸ್ ಹರಳು ಇದೆ ಅಂದುಕೊಂಡು ಲೆಕ್ಕ ಹಾಕುತ್ತದೆ, ಬೋರ್ಡಿನಲ್ಲಿರುವುದು 26ರದ್ದು. 115200ನ್ನು ಆ ಅನುಪಾತಕ್ಕೆ ಇಳಿಸಿದರೆ ಸರಿಯಾಗಿ 74880. ಇದು ತಿಳಿದ ದಿನ ನನಗೆ ವಿನಾಕಾರಣ ಸಂತೋಷವಾಯಿತು.

ತೇವದ ಸೆನ್ಸರಿನ ಕತೆಯೇ ಬೇರೆ. ಪಾಠ ಮೂರರಲ್ಲಿ ಅದನ್ನು 25ನೇ ಪಿನ್ನಿಗೆ ಜೋಡಿಸಿ ಅಂತ ಹೇಳಿದ್ದರು. ಜೋಡಿಸಿದರೆ ಸೊಗಸಾಗಿ ನಡೆಯಿತು: ಗಾಳಿಯಲ್ಲಿ ಒಂದು ಸಂಖ್ಯೆ, ನೀರಿನ ಲೋಟದಲ್ಲಿ ಇನ್ನೊಂದು. ಪಾಠ ನಾಲ್ಕು ವೈಫೈ. ಅದೂ ನಡೆಯಿತು. ಎರಡನ್ನೂ ಒಂದೇ ಪ್ರೋಗ್ರಾಮಿಗೆ ಸೇರಿಸಿದೆ ನೋಡಿ, ಸೆನ್ಸರಿಗೆ ಬುದ್ಧಿಭ್ರಮಣೆ. ಲೋಟದಲ್ಲಿ ಮುಳುಗಿಸಿದರೂ ಅದೇ ಸಂಖ್ಯೆ, ಆಚೆ ತೆಗೆದರೂ ಅದೇ. ಸೆನ್ಸರ್ ಬದಲಾಯಿಸಿದೆ, ಹೊಸದೂ ಹಾಗೇ ಮಾಡಿತು. ಇಎಸ್‌ಪಿ 32ರಲ್ಲಿ ವೋಲ್ಟೇಜ್ ಅಳೆಯುವ ಎರಡು ಘಟಕಗಳಿವೆ. ಎರಡನೆಯದನ್ನು ವೈಫೈ ತನ್ನ ಕೆಲಸಕ್ಕೆ ಎಳೆದುಕೊಳ್ಳುತ್ತದೆ, ಆಮೇಲೆ ಆ ಘಟಕದ ಪಿನ್ನುಗಳಲ್ಲಿ ಬರುವ ಓದನ್ನು ನಂಬುವಂತಿಲ್ಲ. 25ನೇ ಪಿನ್ನು ಅದಕ್ಕೇ ಸೇರಿದ್ದು. ವೈರನ್ನು ಕಿತ್ತು 34ಕ್ಕೆ ಚುಚ್ಚಿದರೆ ಮುಗಿಯಿತು. ಮೂರೂ ಸರಿ, ನಾಲ್ಕೂ ಸರಿ. ಮೂರು ಮತ್ತು ನಾಲ್ಕು ಕೂಡಿದರೆ ಏಳಾಗುವುದಿಲ್ಲ ಅಂತ ಮಾತ್ರ ಯಾರೂ ಬರೆದಿರಲಿಲ್ಲ.

ಪಂಪು ಶುರುವಾದ ಕ್ಷಣಕ್ಕೇ ಬೋರ್ಡು ಸತ್ತು ಹುಟ್ಟುತ್ತಿತ್ತು. ಪರದೆಯ ತುಂಬ ‘ಬ್ರೌನ್‌ಔಟ್’, ಅಂದರೆ ವೋಲ್ಟೇಜ್ ಕುಸಿಯಿತು ಅನ್ನುವ ಗೋಳು. ಪಂಪಿಗೆ ಬೇರೆ ಕರೆಂಟು ಕೊಟ್ಟೆ, ಎರಡರ ಗ್ರೌಂಡನ್ನೂ ಸೇರಿಸಿದೆ, ತಣ್ಣಗಾಯಿತು. ಫೋನಿಗೆ ವರದಿ ಕಳಿಸಲು ಎಂಕ್ಯೂಟಿಟಿ ಬಳಸಿದೆ. 1999ರಲ್ಲಿ ಉಪಗ್ರಹದ ಮೂಲಕ ತೈಲದ ಪೈಪ್‌ಲೈನುಗಳ ಮೇಲೆ ಕಣ್ಣಿಡಲು ರೂಪಿಸಿದ ಪ್ರೋಟೊಕಾಲ್, ಅಂದರೆ ಯಂತ್ರಗಳು ಸಂದೇಶ ಸಾಗಿಸುವ ನಿಯಮಾವಳಿ ಅದು. ನಮ್ಮಲ್ಲಿ ಒಂದು ಕುಂಡ.

ಎಲ್ಲ ಚೆನ್ನಾಗಿ ನಡೆಯುತ್ತಿತ್ತು, ನಲವತ್ತೊಂಬತ್ತನೇ ದಿನದವರೆಗೆ. ಅವತ್ತು ಮನೆಗೆ ಬಂದರೆ ಕಿಟಕಿಯ ಕೆಳಗೆ ಕೆರೆ. ಬಕೆಟ್ ಪೂರ್ತಿ ಖಾಲಿ, ಪಂಪು ಒಣಗಿದ ಗಂಟಲಲ್ಲಿ ಗರ್ ಗರ್ ಅನ್ನುತ್ತಿದೆ. ಫೋನು ಮಾತ್ರ ನಿಷ್ಠೆಯಿಂದ ಕೆಲಸ ಮಾಡಿತ್ತು: ‘ಮಣ್ಣಿನ ತೇವ 100’, ‘ಮಣ್ಣಿನ ತೇವ 100’, ಹಾಗೇ ಉದ್ದಕ್ಕೂ.

ಬೋರ್ಡು ಎದ್ದಾಗಿನಿಂದ ಎಷ್ಟು ಮಿಲಿಸೆಕೆಂಡು ಕಳೆಯಿತು ಅಂತ ಲೆಕ್ಕ ಇಡುವ ಎಣಿಕೆಗೆ 32 ಬಿಟ್ ಜಾಗ. ಸುಮಾರು 49.7 ದಿನಕ್ಕೆ ಅದು ತುಂಬಿ ಮತ್ತೆ ಸೊನ್ನೆಯಿಂದ ಶುರು. ಪಾಠದ ಕೋಡು ‘ಈಗಿನ ಸಮಯಕ್ಕೆ ಹನ್ನೆರಡು ಗಂಟೆ ಕೂಡಿಸಿ ಬರೆದುಕೋ, ಅದು ದಾಟಿದರೆ ಪಂಪು ಹಾಕು’ ಅನ್ನುತ್ತಿತ್ತು. ತುಂಬುವ ಮುಂಚಿನ ಕೊನೆಯ ಹನ್ನೆರಡು ಗಂಟೆಯಲ್ಲಿ ಕೂಡಿಸಿದ ಮೊತ್ತ ಅಂಚು ದಾಟಿ ಪುಟ್ಟ ಸಂಖ್ಯೆಯಾಗುತ್ತದೆ. ಈಗಿನ ಸಮಯವೋ ಬೆಟ್ಟದಷ್ಟು ದೊಡ್ಡದು. ಹಾಗಾಗಿ ಪ್ರತಿ ಕ್ಷಣವೂ ನೀರು ಬಿಡುವ ಮುಹೂರ್ತವೇ. ವಿಡಿಯೋ ಹನ್ನೆರಡು ನಿಮಿಷದ್ದು. ನಲವತ್ತೊಂಬತ್ತನೇ ದಿನ ಅದರಲ್ಲಿ ಎಲ್ಲಿಂದ ಬರಬೇಕು? ಪದೇಪದೇ ಕರೆಂಟು ಹೋಗುವ ಕಡೆ ಈ ದೋಷ ಜನ್ಮದಲ್ಲಿ ಬೆಳಕಿಗೆ ಬರುವುದಿಲ್ಲ, ಪ್ರತಿ ಸಲವೂ ಎಣಿಕೆ ಸೊನ್ನೆಗೆ ಬರುತ್ತದಲ್ಲ. ‘ವೃತ್ತಿಪರರಂತೆ ಯುಪಿಎಸ್‌ಗೆ ಜೋಡಿಸಿ’ ಅಂತ ಪಾಠ ಐದರಲ್ಲಿ ಸಲಹೆ ಕೊಟ್ಟಿದ್ದರು.

ಪರಿಹಾರ ಒಂದೇ ಸಾಲು. ಕೂಡಿಸಬಾರದು, ಕಳೆಯಬೇಕು: ಈಗಿನ ಸಮಯದಿಂದ ಹಿಂದಿನ ಸಲದ ಸಮಯ ಕಳೆದು, ಬಂದದ್ದು ಹನ್ನೆರಡು ಗಂಟೆ ಮೀರಿದೆಯೇ ನೋಡಿದರೆ ಎಣಿಕೆ ಸೊನ್ನೆಗೆ ಹೊರಳಿದರೂ ಲೆಕ್ಕ ತಪ್ಪುವುದಿಲ್ಲ. ತಿದ್ದಿದ್ದು ಸರಿಯೇ ಅಂತ ತಿಳಿಯಲು ಮತ್ತೆ ಏಳು ವಾರ ಕಾಯಬೇಕಾಗಿಯೂ ಇಲ್ಲ. ಸಮಯಕ್ಕೆ ಒಂದು ದೊಡ್ಡ ಸಂಖ್ಯೆ ಸೇರಿಸಿ, ಅಂಚಿಗೆ ಒಂದೇ ನಿಮಿಷ ಬಾಕಿ ಇರುವ ಹಾಗೆ ಶುರು ಮಾಡಿದರಾಯಿತು. ಇದನ್ನೆಲ್ಲ ಹೆಂಡತಿಗೆ ವಿವರಿಸಿ, ಬಕೆಟ್ ತುಂಬಿಸಿ, “ಈಗ ನೋಡು, ಒಂದೇ ನಿಮಿಷ” ಅಂದೆ.

ಅವಳು ಕುಂಡವನ್ನು ಎತ್ತಿಕೊಂಡು ಪಕ್ಕದ ಕೋಣೆಗೆ ಹೋದಳು.